ಉಸಿರು ಬಿಗಿಹಿಡಿದ ಸರೋಜಮ್ಮ

ಫೋನಿನ ರಿಸೀವರನ್ನು ಸರೋಜಮ್ಮನವರಷ್ಟು ಮೆಲ್ಲಗೆ ಎತ್ತುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಮಲಗಿದ ಕೂಸನ್ನು ತೊಟ್ಟಿಲಿನಿಂದ ಎತ್ತಿಕೊಳ್ಳುವ ಹಾಗೆ ಎತ್ತುತ್ತಿದ್ದರು. ಆ ಮೆತ್ತನೆಯ ಕೈಯೇ ನನ್ನ ಅನ್ನಕ್ಕೆ ಕಲ್ಲು ಹಾಕುವುದರಲ್ಲಿತ್ತು ಎಂದರೆ ಯಾರೂ ನಂಬುವುದಿಲ್ಲ.

ಹನುಮಂತನಗರದ ಅವರ ಮನೆಯ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು. ಫೋನಿನ ತಂತಿಗೆ ಮೋಡೆಮ್ ಸಿಕ್ಕಿಸಿ, ಅದು ಕಿರ್ರೆಂದು ಅರಚಿ ಇಂಟರ್‌ನೆಟ್ಟನ್ನು ಹಿಡಿಯುವವರೆಗೂ ಕಾಯಬೇಕಾಗಿದ್ದ ಕಾಲ ಅದು. ನಮಗಿನ್ನೂ ಫೋನ್ ಬಂದಿರಲಿಲ್ಲ. "ನಮ್ಮ ಲೈನಿಂದಾನೇ ಒಂದು ವೈರ್ ಎಳ್ಕೊಳ್ಳೇ. ಮಧ್ಯಾಹ್ನ ಯಾರು ಮಾತಾಡ್ತಾರೆ?" ಎಂದವರು ಅವರೇ. ಮೈಸೂರಿನ ತಂಗಿಯ ಕರೆ ತಪ್ಪಿಹೋಗಬಾರದೆಂದು ಆ ಒಂದೇ ಲೈನಿಗೆ ನಡುಮನೆಯಲ್ಲಿ, ಅಡುಗೆಮನೆಯಲ್ಲಿ, ಕೊನೆಗೆ ದೇವರ ಕೋಣೆಯಲ್ಲೂ ಫೋನ್ ಇಡಿಸಿದ್ದರು. ಮಂಗಳಾರತಿ ನಡುವೆ ಗಂಟೆ ಬಾರಿಸಿದ್ದು ಯಾವುದು ಎಂದು ದೇವರಿಗೇ ಗೊತ್ತಾಗುತ್ತಿರಲಿಲ್ಲ.

ಮೋಡೆಮ್ಮಿನ ಅರಚಾಟ ಕೇಳಿದಾಗಲೆಲ್ಲ "ಅಯ್ಯೋ ಪಾಪ, ಗಂಟಲು ಕಟ್ಟಿದೆ ಅದಕ್ಕೆ" ಎಂದು ಮರುಗುವರು. ನಾನು ಸಿಡುಕಿದರೆ, "ಆತುರಗಾರನಿಗೆ ಬುದ್ಧಿ ಮಟ್ಟ ಕಣೇ" ಎಂದು ಕಾಫಿ ಕಳಿಸುವರು. ಕೋಪವೂ ಬರುತ್ತಿತ್ತು, ಕಾಫಿಯೂ ಚೆನ್ನಾಗಿರುತ್ತಿತ್ತು.

ನಾನಾಗ ದೆಹಲಿಯ ಒಂದು ಕಚೇರಿಗೆ ಅನುವಾದ ಮಾಡಿಕೊಡುತ್ತಿದ್ದೆ. ಮದುವೆಯಾದ ಮೇಲೆ ನನಗೇ ಅಂತ ಸಿಕ್ಕಿದ ಮೊದಲ ಕೆಲಸ. ಮೋಡೆಮ್ಮಿನ ಡಬ್ಬಿಯ ಮೇಲೆ ಬರೆದಿದ್ದ ವೇಗದಲ್ಲಿ ಅರ್ಧವೂ ನನಗೆ ಸಿಗುತ್ತಿರಲಿಲ್ಲ. ಕಡತ ತೆವಳುತ್ತಾ ಹೋಗಿ, ಇನ್ನೇನು ಮುಗಿಯಿತು ಅನ್ನುವಾಗ ಸಂಪರ್ಕ ಕಡಿದುಹೋಗುತ್ತಿತ್ತು. ಎರಡು ಸಲ ತಡವಾಯಿತು. ಇನ್ನೊಂದು ಸಲ ಹೀಗಾದರೆ ಕೆಲಸ ಬೇರೆಯವರಿಗೆ ಎಂದು ದೆಹಲಿಯವರು ಹೇಳಿಬಿಟ್ಟರು.

ಆ ಕೊನೆಯ ಗಡುವಿನ ದಿನ ಮಧ್ಯಾಹ್ನ ಮತ್ತೆ ಸಂಪರ್ಕ ಕಡಿಯಿತು. ಅಳು ಬರುವುದೊಂದು ಬಾಕಿ. ದಡದಡನೆ ಕೆಳಗಿಳಿದು ಬಂದರೆ, ದೇವರ ಕೋಣೆಯಲ್ಲಿ ಸರೋಜಮ್ಮ ಕಣ್ಣು ಮುಚ್ಚಿ, ರಿಸೀವರನ್ನು ಕಿವಿಗಿಟ್ಟುಕೊಂಡು, ಕೆನ್ನೆ ಉಬ್ಬಿಸಿ ನಿಂತಿದ್ದಾರೆ!

"ಆಂಟಿ, ಏನ್ ಮಾಡ್ತಿದೀರಾ?"

"ನಿಂದು ಹೋಯ್ತೋ ಇಲ್ವೋ ಅಂತ ನೋಡ್ತಿದ್ದೆ ಕಣೇ. ದಿನಾ ನೋಡ್ತೀನಿ. ತೊಂದರೆ ಆಗ್ಬಾರ್ದು ಅಂತ ಉಸಿರೂ ಬಿಡಲ್ಲ."

ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಉಸಿರು ಬಿಡದಿದ್ದರೂ ರಿಸೀವರ್ ಎತ್ತಿದರೆ ಸಾಕು, ಸಂಪರ್ಕ ಕೆಡುತ್ತದೆ; ಎತ್ತದಿದ್ದರೂ ಒಂದು ಲೈನಿಗೆ ಇಷ್ಟು ಕವಲು, ಇಷ್ಟು ಗಂಟು ಇದ್ದರೆ ಗದ್ದಲ ಸೇರಿ ವೇಗ ಇಳಿಯುತ್ತದೆ ಎಂದು ವಿವರಿಸಿದೆ. ಅವರ ಮುಖ ಸಣ್ಣದಾಯಿತು. "ಮೊದಲೇ ಹೇಳ್ಬಾರ್ದಾ? ನಾನು ಕಾವಲು ಕಾಯ್ತಿದೀನಿ ಅಂದ್ಕೊಂಡಿದ್ದೆ" ಎಂದು ಮೂರೂ ಫೋನುಗಳ ತಂತಿ ಕಿತ್ತು, ಅವುಗಳನ್ನು ತಂದು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟರು. ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. "ಹೋಗು, ಕಳಿಸು."

ತಂಗಿಯ ಮಗಳನ್ನು ಹೆರಿಗೆಗೆ ಸೇರಿಸಿದ್ದಾರೆಂದು ಬೆಳಿಗ್ಗೆಯೇ ಹೇಳಿದ್ದರು. ಅದು ನನಗೆ ನೆನಪಾದದ್ದು ಅರ್ಧ ಮೆಟ್ಟಿಲು ಹತ್ತಿದ ಮೇಲೆ. ತಿರುಗಿ ನೋಡಿದೆ. "ಮಗು ಬರೋದಕ್ಕೆ ಫೋನ್ ಬೇಕಾಗಿಲ್ಲ. ನೀನು ನಡಿ" ಎಂದು ಗದರಿದರು.

ಈ ಸಲ ಮೋಡೆಮ್ ಅರಚಿ ಸುಮ್ಮನಾಯಿತು. ಪರದೆಯ ಮೇಲೆ ಎಂದೂ ಕಾಣದ ವೇಗ. ಕಡತ ಎಲ್ಲೂ ನಿಲ್ಲದೆ ದೆಹಲಿ ಮುಟ್ಟಿತು. ಮೋಡೆಮ್ ಆರಿಸಿ, "ಹೋಯ್ತು ಆಂಟೀ!" ಎಂದು ಮೆಟ್ಟಿಲ ಮೇಲಿಂದಲೇ ಕೂಗಿದೆ. ಅವರು ಒಂದು ಫೋನ್ ಸಿಕ್ಕಿಸಿದ್ದೇ ತಡ, ಅದು ಬಡಿದುಕೊಂಡಿತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಸೌಖ್ಯ. ನಾವಿಬ್ಬರೂ ತಬ್ಬಿಕೊಂಡು ಅತ್ತೆವು. ದೇವರ ಕೋಣೆಯ ಫೋನನ್ನು ಅವರು ಮತ್ತೆ ಸಿಕ್ಕಿಸಲಿಲ್ಲ.

ಆ ಕೆಲಸ ಉಳಿಯಿತು. ಇಂದಿಗೂ ಅದೇ ನನ್ನ ಕಸುಬು. ಸರೋಜಮ್ಮನವರನ್ನು ಕೊನೆಯ ಸಲ ನೋಡಿದ್ದು ಮೈಸೂರಿನಲ್ಲಿ, ತಂಗಿಯ ಮನೆಯಲ್ಲಿ. ಕಿವಿ ಮಂದವಾಗಿತ್ತು. ಮಾತಿನ ನಡುವೆ, ದೆಹಲಿಗೆ ಕಳಿಸಬೇಕು ಎಂದು ಅವರಿಗೆ ಹೇಳಿ, ಮೊಬೈಲಿನಿಂದ ಒಂದಿಡೀ ಪುಸ್ತಕ ಕಳಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು. ತಲೆಯೆತ್ತಿದರೆ, ಅವರು ಅಲುಗಾಡದೆ ಕೂತು ನನ್ನನ್ನೇ ನೋಡುತ್ತಿದ್ದಾರೆ. ಕೆನ್ನೆ ಉಬ್ಬಿದೆ.

"ಹೋಯ್ತು ಆಂಟಿ" ಎಂದು ಅವರ ಕಿವಿಯ ಹತ್ತಿರ ಜೋರಾಗಿ ಹೇಳಿದೆ.

ಆಮೇಲೆ ಉಸಿರು ಬಿಟ್ಟರು.