ಎರಡು ಗುಡ್ಡಗಳ ನಡುವಿನ ಸೂರ್ಯ

ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಬಳುಕುತ್ತ ಇಳಿಯುವ ನದಿ, ದಂಡೆಯ ಮೇಲೊಂದು ಮನೆ, ಮನೆಗೆ ಕಾವಲು ನಿಂತ ತೆಂಗಿನ ಮರ. ‘ನಿಮ್ಮಿಷ್ಟದ ಚಿತ್ರ ಬರೆಯಿರಿ’ ಎಂದು ಹೇಳಿ ಕಿಟಕಿಯ ಬಳಿ ಹೋಗಿ ನಿಂತರೆ ಸಾಕು, ಗಂಟೆ ಬಾರಿಸುವುದರೊಳಗೆ ಇಡೀ ತರಗತಿ ಈ ಒಂದೇ ಚಿತ್ರವನ್ನು ಬರೆದು ನನ್ನ ಮೇಜಿನ ಮೇಲೆ ಒಟ್ಟುತ್ತದೆ. ನಾನು ದಾಂಡೇಲಿಯ ಪ್ರೌಢಶಾಲೆಯೊಂದರ ಡ್ರಾಯಿಂಗ್ ಮಾಸ್ತರ. ಕಿಟಕಿಯಾಚೆ ತೇಗ, ಬಿದಿರು, ಕಾಗದದ ಕಾರ್ಖಾನೆಯ ಚಿಮಣಿ, ಕಾಳಿ ನದಿಯ ಕಪ್ಪು ನೀರು ಎಲ್ಲವೂ ಚಿತ್ರಕ್ಕೆ ಸಿದ್ಧವಾಗಿ ಕುಳಿತಿರುವಾಗ ಈ ಮಕ್ಕಳು ಎಲ್ಲೂ ಇಲ್ಲದ ಊರಿಗೆ ಹೋಗಿ ಬರುವುದೇಕೆ ಎಂಬುದು ನನ್ನ ವೃತ್ತಿಜೀವನದ ಚಿರಂತನ ವ್ಯಥೆ. ಆದ್ದರಿಂದ ನನ್ನ ತರಗತಿಯಲ್ಲಿ ಗುಡ್ಡಗಳ ನಡುವಿನ ಸೂರ್ಯೋದಯಕ್ಕೆ ನಿಷೇಧವಿದೆ. ಸೂರ್ಯೋದಯವನ್ನೇ ತಡೆಹಿಡಿಯುವ ಅಧಿಕಾರ ಯಾವ ಚಕ್ರವರ್ತಿಗೂ ದಕ್ಕಿರಲಿಕ್ಕಿಲ್ಲ. ನನಗೆ ಒಂದು ಕೆಂಪು ಪೆನ್ಸಿಲಿನಿಂದ ದಕ್ಕಿದೆ.

ಈ ಛಲ ನನಗೆ ಬಂದದ್ದು ಧಾರವಾಡದ ನನ್ನ ಗುರುಗಳಿಂದ. ಕಲಾಶಾಲೆಯಲ್ಲಿ ಅವರು ನಮ್ಮನ್ನು ಯಾವುದೋ ಪರದೇಶದ ದೇವತೆಯ ಪ್ಲಾಸ್ಟರ್ ತಲೆಯ ಮುಂದೆ ಕೂರಿಸಿ, ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಿರೆಂದು ತಾಕೀತು ಮಾಡುತ್ತಿದ್ದರು. ಅದರ ಫಲವಾಗಿ ಆ ದೇವತೆಯ ಮೂಗನ್ನು ನಾನು ಇಂದಿಗೂ ಕಣ್ಣುಮುಚ್ಚಿ ಬರೆಯಬಲ್ಲೆ. ನನ್ನ ಹೆಂಡತಿಯ ಮೂಗು ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ, ಅವಳು ಅದನ್ನು ಕ್ಷಮಿಸಿಯೂ ಇಲ್ಲ. ದೇಶದ ಆಧುನಿಕ ಕಲೆಯ ಚರಿತ್ರೆಯನ್ನು ಓದಿದಾಗ ನನಗೆ ತೋರುವುದಿಷ್ಟು: ಮೊದಲು ಒಂದು ಶಾಲೆ ಬೇಕು, ಅದು ಕೈಯನ್ನು ತಿದ್ದಬೇಕು, ಆಮೇಲೆ ಆ ಶಾಲೆಯ ಮೇಲೆ ಸಿಟ್ಟಾದ ನಾಲ್ಕು ಜನ ಮಹಾನಗರದ ಚಹದಂಗಡಿಯಲ್ಲಿ ಕೂಡಿ, ಒಂದು ಬಳಗ ಕಟ್ಟಿ, ಘೋಷಣೆ ಹೊರಡಿಸಿ, ಕೊನೆಗೆ ತಮ್ಮತಮ್ಮಲ್ಲೇ ಮಾತು ಬಿಡಬೇಕು. ಇಷ್ಟಾದರೆ ಒಂದು ಯುಗ ಆರಂಭವಾಯಿತೆಂದು ವಿಮರ್ಶಕರು ಬರೆದುಕೊಳ್ಳುತ್ತಾರೆ.

ದಾಂಡೇಲಿಯಲ್ಲೂ ನಮ್ಮದೊಂದು ಭಾನುವಾರದ ಬಳಗವಿದೆ. ಯುಗಾರಂಭ ಮಾಡುವ ಉಮೇದು ನಮಗಿಲ್ಲ. ನಮ್ಮ ಭಿನ್ನಾಭಿಪ್ರಾಯಗಳೆಲ್ಲ ಮಿರ್ಚಿ ಭಜಿಯೋ ಕಾಂದಾ ಭಜಿಯೋ ಎಂಬಲ್ಲಿಗೆ ಮುಗಿಯುತ್ತವೆ. ಕಾರ್ಖಾನೆಯಿಂದ ನಿವೃತ್ತನಾದ ಈರಪ್ಪ ಹಕ್ಕಿಗಳನ್ನು ಬರೆಯುತ್ತಾನೆ. ಸಾಂಬ್ರಾಣಿ ಎಂಬ ಊರಿನ ಕಡೆಯ ಸಿದ್ದಿ ಹೆಣ್ಣುಮಗಳು ರೋಜಿ ಮನೆಯಲ್ಲಿ ಕೌದಿ ಹೊಲಿಯುತ್ತಾಳೆ, ಇಲ್ಲಿ ಬಂದು ಬಣ್ಣ ಹಚ್ಚುತ್ತಾಳೆ. ನಮ್ಮ ಏಕೈಕ ನಿಯಮ ಅವಳಿಂದಲೇ ಬಂದದ್ದು. “ನಮ್ಮ ಓಣ್ಯಾಗ ಒಬ್ಬಾಕಿನ ಕುಂತು ಕೌದಿ ಮುಗಸಂಗಿಲ್ರಿ, ಬಾಜೂದಾಕಿನ್ನ ಕರದು ಎರಡ ಹೊಲಿಗಿ ಹಾಕಸ್ತೇವಿ” ಎಂದು ಅವಳು ಒಮ್ಮೆ ಹೇಳಿದ್ದು ಎಲ್ಲರಿಗೂ ಹಿಡಿಸಿತು. ಅಂದಿನಿಂದ ಇನ್ನೊಬ್ಬರ ಕುಂಚದ ಒಂದು ಗೆರೆ ಬೀಳದ ಚಿತ್ರಕ್ಕೆ ನಮ್ಮ ಪ್ರದರ್ಶನದಲ್ಲಿ ಗೋಡೆಯಿಲ್ಲ. ಈರಪ್ಪನ ಮಿಂಚುಳ್ಳಿಗೆ ನಾನು ಹಾಕಿದ ಬಾಲದಿಂದಾಗಿ ಅದೀಗ ಕಾಗೆಗೆ ಹತ್ತಿರದ ಸಂಬಂಧಿಯಂತಿದೆ, ಪಾಪ, ಅವನು ಸಹಿಸಿಕೊಂಡಿದ್ದಾನೆ.

ಈ ಸಲ ಆ ನಿಯಮಕ್ಕೆ ಅಡ್ಡಬಂದವಳು ಶಾಲಿನಿ. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಅಂಗನವಾಡಿಯಲ್ಲಿ ಕೆಲಸ. ಅವಳ ತಾಯಿಯ ಊರು ಸೂಪಾ. ಅಣೆಕಟ್ಟಿನ ನೀರಿನಡಿ ಸೇರಿಹೋದ ಹಳೆಯ ಸೂಪಾ. ಅದು ಮುಳುಗಿದ ಮೇಲೆ ಹುಟ್ಟಿದ ಶಾಲಿನಿ, ತಾಯಿ ಹೇಳಿದ್ದನ್ನು ಕೇಳಿಕೇಳಿಯೇ ಅಲ್ಲಿದ್ದ ಅವರ ಮನೆಯನ್ನು ಬರೆದಿದ್ದಳು. ಶಾಲಿನಿ ಆಯಿ ಎಂದು ಕರೆಯುವ ಆ ತಾಯಿಗೆ ಇತ್ತೀಚೆಗೆ ಮರೆವು ಹೆಚ್ಚಿ, ಒಮ್ಮೊಮ್ಮೆ ನೆರೆಯವರ ಹೆಸರೂ ತಪ್ಪುತ್ತಿತ್ತು. ಮನೆ ಮರೆತುಹೋಗುವ ಮೊದಲೇ ಅವಳು ಅದನ್ನು ಒಮ್ಮೆ ಗುರುತು ಹಿಡಿಯಬೇಕು ಎಂಬುದಷ್ಟೇ ಮಗಳ ಆಸೆ.

ರೋಜಿ ಕುಂಚ ಹಿಡಿದು ಹತ್ತಿರ ಹೋದಾಗ ಶಾಲಿನಿ ಚಿತ್ರಕ್ಕೆ ಅಡ್ಡಲಾಗಿ ನಿಂತಳು. “ಬ್ಯಾಡ ಅಕ್ಕಾ. ನಿಮ್ಮೊಳಗ ಯಾರೂ ಆ ಮನೀ ನೋಡಿಲ್ಲ. ತಪ್ಪ ಗೆರಿ ಬಿದ್ರ ಆಯಿಗೆ ಗುರ್ತ ಸಿಗಂಗಿಲ್ಲ.” ಅವಳ ಮಾತು ನ್ಯಾಯವಾದದ್ದೇ, ನಿಯಮವೂ ನಿಯಮವೇ. ಸಂಸ್ಥಾಪಕ ಸದಸ್ಯನ ಗಾಂಭೀರ್ಯದಿಂದ ನಾನೊಂದು ರಾಜಿ ಸೂತ್ರ ಹೊರಡಿಸಿದೆ: ಚಿತ್ರ ಗೋಡೆಗೆ ಬೇಡ, ಬಾಗಿಲ ಬಳಿ ಕುರ್ಚಿಯ ಮೇಲಿರಲಿ. ಅದು ಯಾರಿಗೂ ಸಮಾಧಾನ ಕೊಡಲಿಲ್ಲ, ಆದರೂ ಎಲ್ಲರೂ ಒಪ್ಪಿದರು.

ಪ್ರದರ್ಶನದ ದಿನ ಆಯಿ ಹಸಿರು ಸೀರೆಯುಟ್ಟು ಮಗಳ ಕೈಹಿಡಿದು ಬಂದಳು. ಕುರ್ಚಿಯ ಮುಂದೆ ಬಗ್ಗಿ ನಿಂತು ಬಹಳ ಹೊತ್ತು ನೋಡಿದಳು. “ತುಳಸಿಕಟ್ಟಿ ಹೌದು. ಹಿಂದಿನ ಎರಡೂ ಗುಡ್ಡ ಹೌದು. ಖರೇ ಇದು ನಮ್ಮ ಮನೀ ನವ್ಹೆ, ನಮ್ಮದಲ್ಲ” ಎಂದಳು. ಶಾಲಿನಿಯ ಮುಖ ಕಪ್ಪಿಟ್ಟಿತು. ಆಯಿ ಗುಡ್ಡಗಳ ನಡುವಿನ ಖಾಲಿ ಆಕಾಶಕ್ಕೆ ಬೆರಳಿಟ್ಟು, “ಸೂರ್ಯ ಎಲ್ಲೆ? ಬಾಗಲಾ ತಗದ್ರ ಇಲ್ಲೇ ಮೂಡತಿದ್ದ” ಎಂದಳು.

“ಒಮ್ಮೀನೂ ಹೇಳಲಿಲ್ಲಲ್ಲ, ಆಯಿ!”

“ಸೂರ್ಯ ಬರ್ತಾನಂತನೂ ಹೇಳಬೇಕೇನ?”

ಶಾಲಿನಿ ನನ್ನತ್ತ ತಿರುಗಿದಳು. “ನನಗೂ ಅಲ್ಲೇ ಹಾಕಬೇಕು ಅನಿಸಿತ್ರಿ ಸರ್. ನೀವು ಬೈತೀರಂತ ಬಿಟ್ಟೆ.” ಇಷ್ಟು ವರ್ಷಗಳಾದರೂ ನನ್ನ ಕೆಂಪು ಪೆನ್ಸಿಲು ಅವಳ ಕೈ ತಡೆದು ನಿಂತಿತ್ತು. ನಾನು ಭಜಿಯ ತಟ್ಟೆಯನ್ನು ಅತ್ತಿತ್ತ ಸರಿಸಿದೆ. ಅಷ್ಟರಲ್ಲಿ ರೋಜಿ ಕುಂಚವನ್ನು ಹಳದಿಯಲ್ಲಿ ಅದ್ದಿ ಆಯಿಯ ಕೈಗೆ ಕೊಟ್ಟಿದ್ದಳು. ಆಯಿ ಗುಡ್ಡಗಳ ನಡುವೆ ಅರ್ಧ ಸೂರ್ಯನನ್ನು ಮೂಡಿಸಿದಳು, ಸ್ವಲ್ಪ ಹಿಂದೆ ಸರಿದು ನೋಡಿದಳು, ಮತ್ತೆ ಬಣ್ಣದ ಬೆರಳಿನಿಂದಲೇ ಮಗಳ ಗಲ್ಲ ಹಿಡಿದು, “ಆತು. ಈಗ ಮನೀಗೆ ಬಂದೆ ನೋಡು” ಎಂದಳು. ಚಿತ್ರಕ್ಕೆ ಇನ್ನೊಬ್ಬರ ಗೆರೆ ಬಿತ್ತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಈರಪ್ಪ ಮೊಳೆ ಹುಡುಕಲು ಹೋದ.

ಶಾಲೆ ಕೈಯನ್ನು ತಿದ್ದುತ್ತದೆ, ತಿದ್ದುವ ಭರದಲ್ಲಿ ಒಮ್ಮೊಮ್ಮೆ ಕಟ್ಟಿಯೂ ಹಾಕುತ್ತದೆ. ಗಂಟು ಬಿಚ್ಚಲು ಪಕ್ಕದಲ್ಲಿ ನಾಲ್ಕು ಜನ ಬೇಕಾಗುತ್ತದೆ. ದೊಡ್ಡ ಊರುಗಳ ದೊಡ್ಡ ಬಳಗಗಳೂ ಬಹುಶಃ ಮಾಡಿದ್ದು ಇಷ್ಟನ್ನೇ, ಸ್ವಲ್ಪ ಹೆಚ್ಚು ಗದ್ದಲ ಮಾಡಿಕೊಂಡು.

ಕೆಂಪು ಪೆನ್ಸಿಲನ್ನು ನಾನಿನ್ನೂ ಬಿಟ್ಟಿಲ್ಲ, ಚಟ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಆದರೆ ಗೀಟು ಎಳೆಯುವ ಮೊದಲು ಒಂದು ಪ್ರಶ್ನೆ ಕೇಳುವ ರೂಢಿಯಾಗಿದೆ. ಮುಂಡಗೋಡದ ಪಾಳಾದಿಂದ ಈ ವರ್ಷ ಬಂದು ಸೇರಿದ ಹುಡುಗಿಯೊಬ್ಬಳು ಮೊನ್ನೆ ಅದೇ ಗುಡ್ಡ, ಅದೇ ಸೂರ್ಯನನ್ನು ಬರೆದು ತಂದಿದ್ದಳು. “ಪಾಳಾದಾಗ ಬರೇ ಗದ್ದಿ ಅಲ್ಲೇನ ಬೇ? ಈ ಗುಡ್ಡ ಎಲ್ಲೈತಿ?” ಎಂದೆ.

“ನಮ್ಮೂರಾಗ ಇಲ್ರಿ ಸರ್,” ಎಂದಳು ಅವಳು, “ಅದಕ್ಕ ಬರದೇನಿ.”

ನಾನು ಪೆನ್ಸಿಲನ್ನು ಕಿಸೆಗೆ ಹಾಕಿಕೊಂಡೆ.