ಕ್ಯಾಮೆರಾಗೆ ಎತ್ತಿದ ಆರತಿ

ಐವತ್ತು ತುಂಬಿದ ವರ್ಷ ನನ್ನ ಭಾವನಿಗೆ ಚಂದ್ರನ ಹುಚ್ಚು ಹಿಡಿಯಿತು. ಫೋನಿನಲ್ಲೇ ಚಂದ್ರನ ಕುಳಿಗಳನ್ನು ಎಣಿಸಬಹುದಾದ ಈ ಕಾಲದಲ್ಲಿ, ನೂರೆಪ್ಪತ್ತು ವರ್ಷ ಹಿಂದಿನವರಂತೆ ಗಾಜಿನ ಮೇಲೆಯೇ ಅವನ ಫೋಟೋ ತೆಗೆಯಬೇಕೆಂದು ಹಟ. ಎರಡು ದಿನದ ಕೋರ್ಸ್ ಮುಗಿಸಿ ಬಂದು ಕೆಂಟನ್ ಬಡಾವಣೆಯ ತಮ್ಮ ಮನೆಯ ಗ್ಯಾರೇಜನ್ನು ಡಾರ್ಕ್ ರೂಮ್ ಮಾಡಿದರು. ಬೆಳಕು ನುಸುಳದಂತೆ ಸಂದುಗೊಂದಿಗೆಲ್ಲ ಟೇಪ್. ಗಾಳಿಯೂ ನುಸುಳುತ್ತಿರಲಿಲ್ಲ. ಗಾಳಿಯಾಡಲು ಬಿಡಬೇಕೆಂಬ ಪಾಠ ಕೋರ್ಸಿನಲ್ಲಿ ಇರಲಿಲ್ಲವೋ, ಅದು ಬಂದಾಗ ಭಾವ ತಾವೇ ಮಾತಾಡುತ್ತಿದ್ದರೋ, ಗೊತ್ತಿಲ್ಲ.

ಆ ಸಂಜೆ ಎದುರುಮನೆಯ ಚಿಮಣಿಯ ಮೇಲೆ ಅರ್ಧಚಂದ್ರ ಬಂದಿದ್ದ. ಹಿತ್ತಲಲ್ಲಿ ಟೆಲಿಸ್ಕೋಪ್ ಸಿದ್ಧವಾಗಿತ್ತು. ಅದಕ್ಕೆ ಜೋಡಿಸಬೇಕಾದ ಹೊಸ ಕ್ಯಾಮೆರಾ ಇನ್ನೂ ಗ್ಯಾರೇಜಿನ ಮೇಜಿನ ಮೇಲೇ ಇತ್ತು. ಗ್ಯಾರೇಜಿನೊಳಗೆ ಭಾವ ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವ ಸುರಿಯುತ್ತಾ ನನಗೆ ಉಪನ್ಯಾಸ ಕೊಡುತ್ತಿದ್ದರು. ಅದರಲ್ಲಿರುವುದು ಈಥರ್. ಸಿಹಿ ವಾಸನೆ ಮೂಗು ತುಂಬಿತ್ತು. ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ನಾನು ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದವಳು.

ಅಡುಗೆಮನೆಯ ಕಡೆಯ ಬಾಗಿಲಿಂದ ಅಕ್ಕ ಬಂದಳು. ಕೈಯಲ್ಲಿ ಆರತಿ ತಟ್ಟೆ, ಕರ್ಪೂರ ಆಗಲೇ ಉರಿಯುತ್ತಿತ್ತು.

"ಒಂದ್ ನಿಮಿಷ ರೀ. ಹೊಸ ಕ್ಯಾಮೆರಾ, ಆರತಿ ಎತ್ತದೆ ಶುರು ಮಾಡ್ಬಾರ್ದು."

"ಬೇಗ ಎತ್ತು ಮಾರಾಯ್ತಿ, ಪ್ಲೇಟ್ ಒಣಗತ್ತೆ!"

ಮಾತು ನನ್ನ ಬಾಯಿಗೆ ಬಂದಿತ್ತು. ಆದರೆ ಹಿಂದಿನ ವಾರ ಅವರ ತಪ್ಪೊಂದನ್ನು ತಿದ್ದಿದಾಗ ಭಾವ, "ನಿಂದು ಬರೀ ಥಿಯರಿ ಕಣಮ್ಮಾ" ಎಂದು ನೆಂಟರನ್ನು ನಗಿಸಿದ್ದರು. ಸರಿ, ಥಿಯರಿ ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ನಿಂತಿತು. ಈಗ ಮನಸ್ಸಿನಲ್ಲಿ ದಿನಕ್ಕೆ ಹತ್ತು ಸಲ ಆ ತಟ್ಟೆ ಒಳಗೆ ಬರುತ್ತದೆ, ಹತ್ತು ಸಲವೂ ನಾನು "ನಿಲ್ಲು" ಎನ್ನುತ್ತೇನೆ.

ಆರತಿಯ ಎರಡನೇ ಸುತ್ತಿಗೆ ಗಾಳಿಯೇ ಹೊತ್ತಿಕೊಂಡಿತು. ದೊಡ್ಡ ಸದ್ದೇನಲ್ಲ, ಯಾರೋ ಬೆಡ್‌ಶೀಟ್ ಕೊಡವಿದಂತೆ. ಬೆಂಕಿ ಅಕ್ಕನ ತೋಳು ಹತ್ತಿತು. ಭಾವ ಗ್ಯಾರೇಜಿನ ದೊಡ್ಡ ಬಾಗಿಲು ತೆರೆಯಲು ಒದ್ದಾಡಿದರು. ಅವರೇ ಅಂಟಿಸಿದ ಟೇಪು, ಕೆಲಸ ಬಲು ಅಚ್ಚುಕಟ್ಟು. ನಾನು ಅಕ್ಕನಿಗೆ ನನ್ನ ಕೋಟು ಸುತ್ತಿ ಅಡುಗೆಮನೆಗೆ ಎಳೆದು, ಕೈಯನ್ನು ನಲ್ಲಿಯ ಕೆಳಗೆ ಹಿಡಿದೆ. ಗ್ಯಾರೇಜಿನ ಉರಿ ಬಂದಷ್ಟೇ ಬೇಗ ಆರಿತು.

ಆಸ್ಪತ್ರೆಯಲ್ಲಿ ಹುಬ್ಬಿಲ್ಲದ ಭಾವ ನರ್ಸಿಗೆ ಚಂದ್ರನ ಮೊದಲ ಫೋಟೋಗಳ ಇತಿಹಾಸ ವಿವರಿಸಿದರು. ಅಕ್ಕನ ಬೆರಳುಗಳು ಆಡುತ್ತವೆ, ಕಲೆ ಮಾತ್ರ ಉಳಿಯುತ್ತದೆ ಎಂದರು ಡಾಕ್ಟರು.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕ ಬ್ಯಾಂಡೇಜಿನ ಕೈಯನ್ನು ನನ್ನ ತೊಡೆಯ ಮೇಲಿಟ್ಟು ಮೆಲ್ಲಗೆ ಕೇಳಿದಳು: "ಹೀಗಾಗತ್ತೆ ಅಂತ ನಿಂಗೆ ಗೊತ್ತಿತ್ತೇನೇ?"

"ಇಲ್ಲ ಅಕ್ಕ."

"ಪಾಪ, ನಿಂಗಾದ್ರೂ ಹೇಗೆ ಗೊತ್ತಾಗ್ಬೇಕು" ಎಂದು ಇನ್ನೊಂದು ಕೈಯಿಂದ ನನ್ನ ಕೆನ್ನೆ ಸವರಿದಳು.