ಎರಡು ಬೆರಳಿನಷ್ಟು ಗಾಳಿ

ನಮಗ ಎಲ್ಲಾನೂ ಮ್ಯಾಲಿಂದಾನ ಬರ್ತಿತ್ತು. ನೀರು ಕೊಡೋರು ಬೊಗಸಿ ಹಿಡಿ ಅಂತ ಹೇಳಿ ಮ್ಯಾಲಿಂದ ಹುಯ್ಯೋರು. ಅಂಗಡಿಯವ ಉಪ್ಪು, ಬೆಲ್ಲ ನಮ್ಮ ವಸ್ತ್ರದ ಚುಂಗಿಗೆ ಮ್ಯಾಲಿಂದ ಬಿಡೋನು. ಸಿರುಗುಪ್ಪದ ಸಾಲಿಯಾಗ ಮೇಷ್ಟ್ರು ನನ್ನ ಸ್ಲೇಟು ಮುಟ್ಟತಿರಲಿಲ್ಲ. ನಾನು ಅದನ್ನ ನೆಲಕ್ಕ ಇಟ್ಟು ಹಿಂದಕ್ಕ ಸರಿದ ಮ್ಯಾಲ, ನಿಂತಲ್ಲಿಂದಾನ ಬಗ್ಗಿ ನೋಡಿ ಸರಿ ಐತಿ ಅನ್ನೋರು. ತಪ್ಪಿದ್ದರ ಮಾತ್ರ ಬೆತ್ತ ಸೀದಾ ಬಂದು ಮೈಗೆ ಹತ್ತತಿತ್ತು. ಬೆತ್ತಕ್ಕ ಮೈಲಿಗಿ ಇರಲಿಲ್ಲ ಅಂತ ಕಾಣ್ತೈತಿ. ಇದು ನಲವತ್ತರ ದಶಕದ ಮಾತು. ಇದನ್ನ ಮೊದಲ ಯಾಕ ಹೇಳ್ತೀನಂದ್ರ, ನನ್ನ ಬಲಗೈ ಕೆಟ್ಟಿದ್ದು ಬರೇ ಬಿದ್ದದ್ದಕ್ಕಲ್ಲ, ಈ ರೂಢಿಯಿಂದ.

ನಮ್ಮೂರು ಕರೂರು. ಅಪ್ಪ ಊರ ಚಾಕರಿಯವ. ಊರಿನ ಕಾಗದಪತ್ರ ಹೊತ್ತು ಸಿರುಗುಪ್ಪದ ತಾಲೂಕು ಕಚೇರಿಗೆ ಹೋಗೋನು. ಕಾಗದ ಮೆಟ್ಟಿಲ ಮ್ಯಾಲ ಇಟ್ಟು, ಒಳಗಿನವರು ಹೋಗು ಅನ್ನೋತನಕ ಬಿಸಲಾಗ ನಿಲ್ಲೋನು. ಸಾಲಿ ಬಿಟ್ಟ ಮ್ಯಾಲ ನಾನೂ ಹೋಗಿ ಅವನ ಮಗ್ಗಲಕ ನಿಲ್ತಿದ್ದೆ. ಒಳಗಿಂದ ಟೈಪ್ ಮಿಷನ್ನಿನ ಸಪ್ಪಳ ಬರ್ತಿತ್ತು. ಅದರ ಮುಂದ ಕುರ್ಚಿಯಾಗ ಒಬ್ಬಾತ ಕುಂತಿರೋನು. ಮುಖ ಎತ್ತಲಾರದ, ಯಾರಿಗೂ ಎದ್ದು ನಿಲ್ಲಲಾರದ, ಹತ್ತೂ ಬೆರಳಿಂದ ಬಡಿಯೋನು. ಅಪ್ಪ ಹೊರಗ ನಿಂತು ಸವೆದ, ನಾನು ಕುಂತರ ಅಲ್ಲೇ, ಆ ಕುರ್ಚಿಯಾಗ ಕುಂದ್ರಬೇಕು ಅಂತ ಹಟ ಹಿಡಿದೆ. ಬ್ಯಾರೆ ಯಾವ ಆಸೆನೂ ನನಗ ಇರಲಿಲ್ಲ.

ಐವತ್ತರ ದಶಕದಾಗ ಹೈಸ್ಕೂಲು ಮುಗಿಸಿ ಟೈಪು ಕಲಿಯಾಕ ಬಳ್ಳಾರಿಗೆ ಹೋಗಬೇಕಾತು. ಕರೂರಿಂದ ದಿನಾ ಅಷ್ಟು ದೂರ ಆಗೋದಲ್ಲ ಅಂತ ಕುರುಗೋಡಿನ ದೊಡ್ಡವ್ವನ ಮನಿಯಾಗ ಉಳಕೊಂಡೆ. ಮುಂಜಾನಿ ಬಸ್ಸಿಗೆ ಬಳ್ಳಾರಿ, ಸಂಜಿಗೆ ವಾಪಸ್ಸು. ಬ್ರೂಸ್‌ಪೇಟೆಯ ಒಂದು ಮಾಳಿಗಿ ಮ್ಯಾಲ ಇನ್‌ಸ್ಟಿಟ್ಯೂಟು. ಅಲ್ಲಿ ಯಾರೂ ನನ್ನ ಜಾತಿ ಕೇಳಲಿಲ್ಲ. ನಾನು ಎದ್ದ ಮಿಷನ್ನಿಗೆ ಸೆಟ್ಟರ ಹುಡುಗ ಬಂದು ಕುಂದ್ರೋನು, ನನ್ನ ಬೆವರು ಆರಿರದ ಅಕ್ಷರಗಳ ಮ್ಯಾಲ ಅವನ ಬೆರಳು ಬೀಳೋವು. ಆಕಾಶ ಏನೂ ಕಳಚಿ ಬೀಳಲಿಲ್ಲ. ಒಂದು ವರ್ಷದಾಗ ನನ್ನ ಕೈ ಹೆಂಗ ಪಳಗಿತಂದ್ರ, ಮಾಸ್ತರು ಬಂದು ನನ್ನ ಹಿಂದ ನಿಂತು ಉಳಿದವರಿಗೆ ತೋರಿಸೋರು. ಪರೀಕ್ಷೆಗೆ ಕಟ್ಟು, ಪಾಸಾದದ್ದ ತಡ ಸಿರುಗುಪ್ಪದ ಕಚೇರಿಗೆ ಅರ್ಜಿ ಹಾಕು ಅಂದರು. ಅಲ್ಲಿ ಜಾಗಾ ಖಾಲಿ ಆಗೋದಿತ್ತು.

ಪರೀಕ್ಷೆಗೆ ಇನ್ನ ಒಂದು ತಿಂಗಳು ಇತ್ತು. ನಾನು ಬಸ್ಸಿನ ಟಾಪಿನ ಮ್ಯಾಲ ಕುಂತು ಬರ್ತಿದ್ದೆ. ಒಳಗ ಜಾಗಾ ಇರ್ತಿತ್ತು, ಆದ್ರ ಮಗ್ಗಲದವರು ಎದ್ದು ನಿಲ್ಲೋದನ್ನ ನೋಡೋದಕ್ಕಿಂತ ಟಾಪೇ ವಾಸಿ. ಅವತ್ತು ಕುರುಗೋಡಿನಾಗ ಹಿಂದಿನ ಏಣಿಯಿಂದ ಇಳಿಯಾಕ ಹತ್ತಿದ್ದೆ, ಡ್ರೈವರ್ ಬಸ್ಸು ಬಿಟ್ಟ. ಕಾಲು ಜಾರಿತು, ಬಲಗೈ ಮಾತ್ರ ಏಣಿಯಾಗ ಸಿಕ್ಕೊಂಡಿತು. ಹತ್ತು ಮಾರು ಹಂಗಾನ ಜೋತುಬಿದ್ದು ಹೋದೆ. ಮಣಿಕಟ್ಟು ತಿರುವಿಕೊಂಡು ಬೆಳಗಾಗೋದರಾಗ ಕುಂಬಳಕಾಯಿ ಹಂಗ ಊದಿತು. ದೊಡ್ಡಾಸ್ಪತ್ರಿಯಾಗ ಫೋಟೋ ತಗದು, ಎಲುಬು ಮುರಿದಿಲ್ಲ, ಒಳಗ ಮಾಂಸ, ನರ ಹರಿದಾವ, ತಾನಾಗೇ ಕೂಡ್ತಾವ ಹೋಗು ಅಂದರು. ಯಾವಾಗ ಅಂತ ಹೇಳಲಿಲ್ಲ.

ನಮ್ಮ ದೊಡ್ಡವ್ವ ಉಳುಕು ತಿಕ್ಕೋದರಾಗ ಸುತ್ತ ಹಳ್ಳಿಗೆಲ್ಲಾ ಹೆಸರಾದಾಕಿ. ಕಾಲು ಉಳುಕಲಿ, ಕುತಿಗಿ ಹಿಡೀಲಿ, ಅವಳ ಹೆಬ್ಬೆರಳು ಎಲ್ಲಿ ನೋವೈತೋ ಅಲ್ಲೇ ಹೋಗಿ ನಿಲ್ತಿತ್ತು. ನಮ್ಮ ಕೇರಿಗೆ ಕಾಲಿಡದ ಮಂದಿನೂ ನೋವು ಬಂದಾಗ ನಮ್ಮ ಹಿತ್ತಲಿಗೆ ಬರೋರು. ತಿಕ್ಕಿಸಿಕೊಂಡು ಹೋಗಿ ಸ್ನಾನ ಮಾಡೋರು. ಅವಳು ಅದಕ್ಕ ನಗೋಳು. ನನ್ನ ಕೈಗೂ ಅವಳು ಔಡಲೆಣ್ಣಿ ಬೆಚ್ಚಗ ಮಾಡಿ, ಹುಣಸಿ ತಪ್ಪಲ ಕಟ್ಟಿ ಎರಡು ದಿನ ತಿಕ್ಕಿದಳು. ನಾನು ಕಿರುಚಿಕೊಂಡೆ. ಆದ್ರ ಮೂರನೇ ದಿನಕ್ಕ ಬೆರಳು ಅಲ್ಲಾಡಿದವು.

ಅಷ್ಟರಾಗ ಟೈಪ್ ಮಾಸ್ತರು ಬಳ್ಳಾರಿಯ ಒಬ್ಬ ಡಾಕ್ಟರ ಸುದ್ದಿ ಹೇಳಿದರು. ಹೊರದೇಶದಿಂದ ಹೊಸಾ ಮಿಷನ್ನು ತರಿಸ್ಯಾರಂತ, ಶಬ್ದದಿಂದ ಮಾಂಸದ ಗಾಯ ವಾಸಿ ಮಾಡ್ತೈತಂತ. ಅವರೇ ಮಾತಾಡಿ ಕಳಿಸಿದರು. ಡಾಕ್ಟ್ರು ಖಾದಿ ಹಾಕೋರು, ಜಾತಿ ಹೋಗಬೇಕು ಅಂತ ಸಭೆಯಾಗ ಭಾಷಣ ಮಾಡೋರು. ಬೆಳ್ಳಗಿರೋದೆಲ್ಲಾ ಹಾಲು ಅಂತ ನಂಬೋ ವಯಸ್ಸು ನಂದು. ಅವರು ಮೇಜಿನ ಆಚಿ ಕುಂತು, ಪೆನ್ಸಿಲಿನ ತುದಿಯಿಂದ ನನ್ನ ಮಣಿಕಟ್ಟು ಅಲ್ಲಲ್ಲಿ ಒತ್ತಿ ನೋಡಿದರು. ಕಿವಿಗೆ ಕೇಳದಂಥ ಶಬ್ದ ಐತಿ, ಅದು ಚರ್ಮದ ಒಳಗ ಹೋಗಿ ಹರಿದದ್ದನ್ನ ಸಣ್ಣಗ ನಡುಗಿಸಿ, ಬೆಚ್ಚಗ ಮಾಡಿ, ರಕ್ತ ಓಡಾಡಿಸಿ ಲಗೂನ ಕೂಡಿಸ್ತೈತಿ ಅಂತ ತಿಳಿಸಿ ಹೇಳಿದರು. ದಿನ ಬಿಟ್ಟು ದಿನ, ಹನ್ನೆರಡು ಸಲ ಬರಬೇಕು. ಲೆಕ್ಕ ಹಾಕಿದೆ, ಪರೀಕ್ಷೆ ಹೊತ್ತಿಗೆ ಸರಿಯಾಗಿ ಮುಗೀತಿತ್ತು. ನಾನು ಅವರಿಗೆ ಕೈ ಮುಗಿಯಾಕ ಹೋದೆ, ಬಲಗೈ ಏಳಲಿಲ್ಲ.

ಮಿಷನ್ನು ನಡಸೋನು ಕಂಪೌಂಡರು. ನಲವತ್ತು ವರ್ಷದವ, ಮಾತು ಬಲು ಮೆತ್ತಗ. ರಿಜಿಸ್ಟರ್ ಬುಕ್ಕು ತಗದು ಊರು ಕೇಳಿದ. ಕರೂರು, ಈಗ ಕುರುಗೋಡಿನಾಗ ಇದೀನ್ರಿ ಅಂದೆ. ಅಯ್ಯ, ಕುರುಗೋಡು ನನ್ನ ಹೆಂಡತಿ ತವರು ತಮ್ಮಾ ಅಂತ ನಕ್ಕು, ಯಾವ ಕೇರಿ ಅಂತ ಕೇಳಿದ. ಹೇಳಿದೆ. ನಗು ಹಂಗಾನ ಇತ್ತು, ಕುರ್ಚಿ ಮಾತ್ರ ಸ್ವಲ್ಪ ಹಿಂದಕ್ಕ ಸರೀತು.

ಮಿಷನ್ನು ರೇಡಿಯೋದಂಥ ಒಂದು ಪೆಟ್ಟಿಗಿ. ಅದರಿಂದ ಒಂದು ವೈರು, ವೈರಿನ ತುದಿಗೆ ಹಿಡಿಕಿ, ಹಿಡಿಕಿಗೆ ಬೆಳ್ಳಿ ರೂಪಾಯಿಗಿಂತ ತುಸು ದೊಡ್ಡದಾದ ಲೋಹದ ಬಿಲ್ಲಿ. ಕಂಪೌಂಡರು ಗುಂಡಿ ತಿರುವಿದ, ನನ್ನ ಕೈ ಮೇಜಿನ ಮ್ಯಾಲ ಇಡಾಕ ಹೇಳಿದ, ಆ ಬಿಲ್ಲಿಯನ್ನ ಮಣಿಕಟ್ಟಿನ ಮ್ಯಾಲ ಹಿಡಿದ. ಎರಡು ಬೆರಳು ಮ್ಯಾಲ. ಅಲ್ಲೇ ಗಾಳಿಯಾಗ ಐದು ನಿಮಿಷ ಸುತ್ತು ತಿರುವಿದ. ನನಗ ಏನೂ ಅನಿಸಲಿಲ್ಲ. ಕಾವಿಲ್ಲ, ಸಪ್ಪಳಿಲ್ಲ, ಜುಮ್ ಅನ್ನಲಿಲ್ಲ. ಹಂಗಂತ ಕೇಳಿದ್ದಕ್ಕ, ಏನೂ ಗೊತ್ತಾಗಬಾರದು ತಮ್ಮಾ, ಅದರ ಗುಣಾನ ಹಂಗ ಅಂದ. ಅದು ಸುಳ್ಳೂ ಅಲ್ಲ, ಅದ ನೋಡ್ರಿ ಹೊಟ್ಟಿ ಉರಿಸೋದು. ಸರಿಯಾಗಿ ಹಿಡಿದರೂ ಬಹಳ ಮಂದಿಗೆ ಏನೂ ಗೊತ್ತಾಗಂಗಿಲ್ಲಂತ.

ಮ್ಯಾಲ ಯಾಕ ಹಿಡಿದ ಅಂತ ನಾನು ಕೇಳಲಿಲ್ಲ. ಕೇಳಬೇಕು ಅಂತ ಅನಿಸಲೂ ಇಲ್ಲ. ನೀರು ಮ್ಯಾಲಿಂದ, ಉಪ್ಪು ಮ್ಯಾಲಿಂದ, ಔಷಧಾನೂ ಮ್ಯಾಲಿಂದ. ಮತ್ತ ಒಳಗೊಳಗ ನನಗ ಖುಷಿ ಆತು, ಈಗ ಹೇಳಾಕ ನಾಚಿಕಿ ಬರ್ತೈತಿ. ಮುಟ್ಟಲಾರದ ವಾಸಿ ಮಾಡೋ ಮಿಷನ್ನು! ಇದು ನಮ್ಮಂಥವರಿಗೇ ಅಂತ ಹುಟ್ಟಿದ್ದು ಅಂದುಕೊಂಡೆ. ಇನ್ನ ಡಾಕ್ಟ್ರು ಪೆನ್ಸಿಲ್ ಹುಡುಕೋದು ಬ್ಯಾಡ, ಯಾರೂ ಮುಖ ಸಿಂಡರಿಸೋದು ಬ್ಯಾಡ. ಕುರುಗೋಡಿನ ನಮ್ಮ ಕೇರಿಯಾಗ ಕಟ್ಟಿ ಮ್ಯಾಲ ಕುಂತು ಎಲ್ಲಾರಿಗೂ ಹೇಳಿದ್ದ ಹೇಳಿದ್ದು.

ದೊಡ್ಡವ್ವ ಎಣ್ಣಿ ಬಟ್ಟಲ ತಗೊಂಡು ಬಂದರ ಕೈ ಹಿಂದಕ್ಕ ಎಳಕೊಂಡೆ. ನಿನ್ನ ಕೈ ಹತ್ತಿದರ ಮಿಷನ್ನಿನ ಕೆಲಸ ಕೆಡ್ತೈತಿ, ಮುಟ್ಟಬ್ಯಾಡ ಅಂದೆ. ಡಾಕ್ಟ್ರು ಹಂಗೇನೂ ಹೇಳಿರಲಿಲ್ಲ, ನಾನ ಕಟ್ಟಿದ ಮಾತದು. ಅವಳು ಬಟ್ಟಲ ಹಿಡಕೊಂಡು ನಿಂತಳು.

"ಮುಟ್ಟಬ್ಯಾಡ ಅಂತ ಊರಾಗ ಎಲ್ಲಾರೂ ಅಂದಾರ. ಮನಿಯಾಗ ನೀನು ಒಬ್ಬಾವ ಅನ್ನೋದು ಉಳಿದಿತ್ತು ನೋಡ್ಲೇ," ಅಂದಳು. ಆಮ್ಯಾಲ ನನ್ನ ಕೈಗೆ ಬರಲಿಲ್ಲ.

ದಿನ ಬಿಟ್ಟು ದಿನ ಹೋದೆ. ಬಾವು ಇಳೀತು. ಅದು ಮಿಷನ್ನಿನ ಪವಾಡ ಅಂತ ತಿಳಿದೆ. ಬಾವು ತಾನಾಗೇ ಇಳಿಯೋದ ಅಂತ ಬುದ್ಧಿ ಹೇಳೋರು ಯಾರು? ಹೆಬ್ಬೆರಳು, ತೋರುಬೆರಳು, ನಡುಬೆರಳು ಬಂದವು. ಕಿರುಬೆರಳು ಮತ್ತು ಅದರ ಮಗ್ಗಲದ್ದು ಬರಲಿಲ್ಲ, ಮಣಿಕಟ್ಟು ಎತ್ತಿದರ ಸಾಕು ಮೊಣಕೈತನಕ ಉರಿಯೋದು. ಬಲಗಡಿ ಕಡೇ ಸಾಲಿನ ಅಕ್ಷರ ಎಲ್ಲಾ ಆ ಎರಡು ಬೆರಳಿನವು. ಕಂಪೌಂಡರಿಗೆ ಹೇಳಿದರ, ಆಗ್ತೈತಿ ತಮ್ಮಾ, ಗಾಬರಿ ಆಗಬ್ಯಾಡ ಅಂತಿದ್ದ. ತನ್ನ ಮಾವನ ಹೊಲ, ಕುರುಗೋಡಿನ ಮೆಣಸಿನಕಾಯಿ, ಎಲ್ಲಾ ಮಾತಾಡಿಕೋತ ಗಾಳಿಯಾಗ ತಿರುವಿ ಕಳಸೋನು. ಬಾಯಿ ಬೆಲ್ಲ, ಕರುಳು ಕತ್ತರಿ ಅಂತಾರಲ್ಲ, ಅವನ್ನ ನೋಡೇ ಅಂದಿರಬೇಕು.

ಹನ್ನೊಂದನೇ ಸಲ ಹೋದಾಗ ನನ್ನನ್ನ ಪಡಸಾಲಿ ಬೆಂಚಿನ ಮ್ಯಾಲ ಕುಂದ್ರಿಸಿದರು. ಒಳಗ ಹೊಸದಾಗಿ ಸೇರಿದ ಒಬ್ಬ ನೌಕರನಿಗೆ ಡಾಕ್ಟ್ರು ಮಿಷನ್ನು ಕಲಿಸಾಕ ಹತ್ತಿದ್ದರು, ಕಂಪೌಂಡರೂ ಮಗ್ಗಲಕ ನಿಂತಿದ್ದ. ಕಿಟಕಿ ತೆರೆದಿತ್ತು. ಬಟ್ಟಿ ಅಂಗಡಿ ಸಾಹುಕಾರರು ಅಂಗಿ ತಗದು ಭುಜ ಕೊಟ್ಟು ಕುಂತಿದ್ದರು. ಡಾಕ್ಟ್ರು ಬಿಲ್ಲಿ ಮ್ಯಾಲಮುಖ ಮಾಡಿ ಹಿಡಿದು ಅದರ ಮ್ಯಾಲ ನಾಲ್ಕು ಹನಿ ನೀರು ಬಿಟ್ಟರು. ಕಾದ ಹಂಚಿಗೆ ಬಿದ್ದಂಗ ನೀರು ಕುಣಿದು ಹೊಗಿಯಾಗಿ ಎದ್ದಿತು. ನೋಡು, ಮಿಷನ್ನು ನಡದೈತಿ ಅಂತ ಇದರಿಂದ ತಿಳೀಬೇಕು ಅಂದರು. ಆಮ್ಯಾಲ ಸಾಹುಕಾರರ ಭುಜಕ್ಕ ಬಾಟಲಿಯಿಂದ ಎಣ್ಣಿ ಹುಯ್ದು ಬಿಲ್ಲಿಯನ್ನ ಅದುಮಿ ಹಿಡಿದರು.

"ಈ ಶಬ್ದ ಗಾಳಿಯಾಗ ಹೋಗಂಗಿಲ್ಲ. ನಡುವ ಕೂದಲೆಳಿಯಷ್ಟು ಗಾಳಿ ಇದ್ದರೂ ಅಲ್ಲೇ ನಿಂತುಬಿಡ್ತೈತಿ. ಅದಕ್ಕ ಎಣ್ಣಿ, ಅದಕ್ಕ ಮೈಗೆ ಒತ್ತಿ ಹಿಡಿಯೋದು. ಇವರಿಗೆ ಎಲ್ಲಾ ಗೊತ್ತೈತಿ, ಕೇಳಿ ಕಲಿ," ಅಂತ ಕಂಪೌಂಡರನ್ನ ತೋರಿಸಿದರು.

ಕೂದಲೆಳಿ. ನನಗ ಎರಡು ಬೆರಳು. ಹತ್ತು ಸಲ, ಐದೈದು ನಿಮಿಷ, ನನ್ನ ಕೈ ಮ್ಯಾಲಿನ ಗಾಳಿಗೆ ಔಷಧ ಮಾಡಿದ್ದ. ಅವನಿಗೆ ಗೊತ್ತಿತ್ತು. ಕುರುಗೋಡಿನ ಮೆಣಸಿನಕಾಯಿ ಮಾತಾಡಾಗೂ ಗೊತ್ತಿತ್ತು.

ನಾನು ಎದ್ದು ಬಾಗಲಿಗೆ ಹೋದೆ. ಸಾರ್, ನನಗ ಎಣ್ಣಿ ಹಚ್ಚೇ ಇಲ್ರಿ, ಎರಡು ಬೆರಳು ಮ್ಯಾಲ ಹಿಡೀತಾರ ಅಂದೆ. ಡಾಕ್ಟ್ರು ಕಂಪೌಂಡರ ಮುಖ ನೋಡಿದರು. ಅವನು ಒಂದಿಷ್ಟೂ ಅಳುಕಲಿಲ್ಲ.

"ಇದ ಬಿಲ್ಲಿ ಎಲ್ಲಾರ ಮೈಗೂ ಹತ್ತಬೇಕಲ್ರಿ ಸಾರ್. ನಾಳಿ ಉಳಿದವರು ಬರಬೇಕೋ ಬ್ಯಾಡೋ?"

ಸಾಹುಕಾರರು ತಮ್ಮ ಭುಜ ನೋಡಿಕೊಂಡರು. ಡಾಕ್ಟ್ರು ಕನ್ನಡಕ ತಗದು ಒರಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ ಐತಿ. ಇಲ್ಲಿ ದೇವರೂ ಪೆನ್ಸಿಲಿನಿಂದ ಮುಟ್ಟೋನು ಅನ್ನೋದು ನನಗ ಆವಾಗ ನೆನಪಾತು. ಸಂಜಿಗೆ ಬಾ, ಎಲ್ಲಾರೂ ಹೋದ ಮ್ಯಾಲ ನೋಡೋಣ ಅಂತ ಡಾಕ್ಟ್ರು ಸಣ್ಣ ದನಿಯಾಗ ಹೇಳಿದರು.

ಉಗಳಿ ಬರಬೇಕಿತ್ತು. ಪರೀಕ್ಷೆಗೆ ಇನ್ನ ನಾಲ್ಕ ದಿನ ಐತಿ ಅಂತ ಮಾನ ನುಂಗಿ ಸಂಜಿಗೆ ಹೋದೆ. ಬಾಗಲಿಗೆ ಕೀಲಿ ಬಿದ್ದಿತ್ತು. ಕಡೇ ಬಸ್ಸಿನತನಕ ಆ ಕಟ್ಟಿ ಮ್ಯಾಲ ಕುಂತಿದ್ದೆ. ಯಾರೂ ಬರಲಿಲ್ಲ. ಹನ್ನೆರಡನೇ ಸಲಕ್ಕ ನಾನೂ ಹೋಗಲಿಲ್ಲ.

ಪರೀಕ್ಷೆಯಾಗ ಎಂಟು ಬೆರಳಿಂದ ಬಡಿದೆ. ಬಲಗಡಿ ಅಕ್ಷರಕ್ಕ ತೋರುಬೆರಳು ಓಡಿಸಿ ಓಡಿಸಿ ಬಡಿಯೋದರಾಗ ಹೊತ್ತು ಮುಗೀತು. ಅರ್ಧ ಹಾಳಿ ಖಾಲಿ ಉಳೀತು. ಸಿರುಗುಪ್ಪದ ಕುರ್ಚಿಯಾಗ ಬ್ಯಾರೆಯವರು ಬಂದು ಕುಂತರು. ಅಪ್ಪ ಅವರಿಗೂ ಮೆಟ್ಟಿಲ ಮ್ಯಾಲ ಕಾಗದ ಇಟ್ಟ. ಎಣ್ಣಿ ಹಚ್ಚಿ ಹಿಡಿದಿದ್ದರೂ ಎಲ್ಲಾ ಗಾಯ ವಾಸಿ ಆಗಂಗಿಲ್ಲ ಅಂತ ಆಮ್ಯಾಲ ತಿಳಿದವರು ಹೇಳಿದರು. ಇರಬಹುದು. ವಾಸಿ ಆಗ್ತಿತ್ತೋ ಇಲ್ಲೋ ಅನ್ನೋದೂ ನನಗ ಗೊತ್ತಾಗದಂಗ ಮಾಡಿದರಲ್ಲ, ಆ ಸಿಟ್ಟು ಇನ್ನೂ ಆರಿಲ್ಲ.

ಫೇಲಾದ ಸುದ್ದಿ ಬಂದ ದಿನ ನಾನ ಹೋಗಿ ದೊಡ್ಡವ್ವನ ಮುಂದ ಕೈ ಚಾಚಿದೆ. ಅವಳು ಎಣ್ಣಿ ತಂದು ತಿಕ್ಕಿದಳು. ಹೆಬ್ಬೆರಳು ನೋವಿದ್ದಲ್ಲಿಗೆ ಹೋಗಿ ನಿಂತಿತು. ಒಳಗ ಗಂಟು ಕಟ್ಟಿಬಿಟ್ಟೈತಿ ಮಗನ, ಹಸೀದಿದ್ದಾಗ ನನಗ ತಿಕ್ಕಾಕ ಬಿಟ್ಟಿದ್ದರ ಆಗ್ತಿತ್ತೇನೋ ಅಂದಳು. ನಾನು ಅತ್ತೆ.

ಎರಡು ತಿಂಗಳ ಮ್ಯಾಲ ಒಂದು ಮಧ್ಯಾಹ್ನ ಹಿತ್ತಲಾಗ ಯಾರೋ ನರಳೋದು ಕೇಳಿ ಹೋಗಿ ನೋಡಿದೆ. ಕಂಪೌಂಡರು. ಮಾವನ ಮನಿಗೆ ಬಂದಾವ ಹೊಲದ ಬದುವಿನಾಗ ಕಾಲು ಉಳುಕಿಸಿಕೊಂಡಿದ್ದ. ಇಬ್ಬರು ಹೊತ್ತು ತಂದು ಕಲ್ಲಿನ ಮ್ಯಾಲ ಕುಂದ್ರಿಸಿದ್ದರು. ನನ್ನ ನೋಡಿ ಅವನ ಮುಖ ಬಿಳುಪಾತು, ಆಮ್ಯಾಲ ತಮ್ಮಾ ಅಂದ. ನಾನು ದೊಡ್ಡವ್ವನ ಕಿವಿಯಾಗ, ಇವನ ಆ ಮಿಷನ್ನಿನವ, ನೀನೂ ಎರಡು ಬೆರಳು ಮ್ಯಾಲ ಹಿಡಿ ಅಂದೆ. ಅವಳು ನನ್ನ ನೋಡಿದಳು, ಅವನ ಊದಿದ ಪಾದ ನೋಡಿದಳು. ಆ ಪಾದ ಎತ್ತಿ ತನ್ನ ತೊಡಿ ಮ್ಯಾಲ ಇಟ್ಟುಕೊಂಡಳು.

"ನನಗ ಹಂಗ ಬರಂಗಿಲ್ಲ," ಅಂದಳು.

ಅವತ್ತು ನನಗ ಅವನಿಗಿಂತ ಅವಳ ಮ್ಯಾಲ ಹೆಚ್ಚು ಸಿಟ್ಟು ಬಂತು. ಮೂರು ದಿನ ತಿಕ್ಕಿದಳು. ಮೂರನೇ ದಿನ ಅವನು ಯಾರ ಕೈನೂ ಹಿಡಿಯಲಾರದ ಎದ್ದು ನಿಂತ. ನಾನು ಬೇಲಿ ಹತ್ತರ ನಿಂತು ನೋಡಿದೆ. ಒಂದು ಹೆಜ್ಜಿನೂ ಕುಂಟಲಾರದ ಸೀದಾ ಮಾವನ ತ್ವಾಟದ ಬಾವಿತನಕ ನಡಕೊಂಡು ಹೋಗಿ, ಅಂಗಿ ಬಿಚ್ಚಿ, ಸ್ನಾನ ಮಾಡಿದ.